ಮಣ್ಣಿನ ಹುಳಿಯನ್ನು ದುಡಿಸಿದ ಯೂಜೀನ್ ಹೂದ್ರಿ

ಮಣ್ಣೆಂದರೆ ನಮಗೆ ಬಹು ಸಾಮಾನ್ಯವಾದ ವಸ್ತು. ಒಕ್ಕಲಿಗನಿಗೆ ಅದು ಹೊಲ, ಕುಂಬಾರನಿಗೆ ಗಡಿಗೆ, ಮನೆ ಕಟ್ಟುವವನಿಗೆ ಇಟ್ಟಿಗೆ. ಅಂಗಡಿಯವನು ಮುಲ್ತಾನಿ ಮಿಟ್ಟಿ ಎಂದು ಪೊಟ್ಟಣ ಕಟ್ಟಿ ಕೊಡುವ ಪುಡಿಯೂ ಒಂದು ಬಗೆಯ ಜೇಡಿಮಣ್ಣೇ ಆಗಿದೆ. ಇಂತಹ ಮಣ್ಣಿನಲ್ಲಿ ಒಂದು ವಿಧದ ಹುಳಿಯು, ಎಂದರೆ ಆಮ್ಲಗುಣವು, ಅಡಗಿರುತ್ತದೆಂದೂ, ಆ ಹುಳಿಯು ಕಪ್ಪಾದ ದಪ್ಪ ಎಣ್ಣೆಯನ್ನು ಒಡೆದು ಪೆಟ್ರೋಲನ್ನಾಗಿ ಮಾಡಬಲ್ಲುದೆಂದೂ ಹೇಳಿದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಆದರೆ ಇದು ನಿಜವಾದ ಸಂಗತಿ. ಮಣ್ಣಿನ ಈ ಶಕ್ತಿಯನ್ನು ದೊಡ್ಡ ಪ್ರಮಾಣದಲ್ಲಿ ಮಾನವನ ಕೆಲಸಕ್ಕೆ ಹಚ್ಚಿದವನು ಯೂಜೀನ್ ಹೂದ್ರಿ ಎಂಬ ಫ್ರೆಂಚ್ ಯಂತ್ರಶಿಲ್ಪಿ. ಆತನು ಕಾಲವಾಗಿ ಆರು ದಶಕಗಳು ಕಳೆದಿವೆ. ಆತನ ಹೆಸರು ರಸಾಯನಶಾಸ್ತ್ರಜ್ಞರ ಬಾಯಲ್ಲಿ ಇಂದಿಗೂ ಇದೆಯಾದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪೂರ್ವ. ಆದುದರಿಂದ ಆತನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದೆ.

ಯೂಜೀನ್ ಜೂಲ್ ಹೂದ್ರಿಯು 1892ನೆಯ ಇಸವಿ ಏಪ್ರಿಲ್ 18ರಂದು ಪ್ಯಾರಿಸ್ ನಗರಕ್ಕೆ ಸಮೀಪದ ದೋಮೋಂ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಉಕ್ಕಿನ ಕೆಲಸದ ಉದ್ಯಮವೊಂದರ ಒಡೆಯನಾಗಿದ್ದನು. ಮನೆಯಲ್ಲಿ ಯಾವ ಅನುಕೂಲಕ್ಕೂ ಕೊರತೆಯಿರಲಿಲ್ಲ. ಅನುಕೂಲವಂತರ ಮಕ್ಕಳಲ್ಲಿ ಕೆಲವರಿಗೆ ಓದಿನಲ್ಲಿ ಉದಾಸೀನ ಬರುವುದುಂಟು. ಹೂದ್ರಿಗೆ ಹಾಗಾಗಲಿಲ್ಲ. ಯಂತ್ರಶಿಲ್ಪವನ್ನು ವ್ಯಾಸಂಗ ಮಾಡಿ 1911ರಲ್ಲಿ ತನ್ನ ತರಗತಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿ ಸರ್ಕಾರದ ಚಿನ್ನದ ಪದಕವನ್ನು ಪಡೆದನು. ಅದೇ ವಿದ್ಯಾಲಯದ ಫುಟ್‌ಬಾಲ್ ತಂಡವು ರಾಷ್ಟ್ರದ ಪಂದ್ಯಗಳಲ್ಲಿ ಗೆದ್ದಾಗ ಅದರ ನಾಯಕನೂ ಆತನೇ. ಬುದ್ಧಿಯೂ ದೇಹವೂ ಸಮನಾಗಿ ಬೆಳೆದ ಈ ತರುಣನು ಬಳಿಕ ತಂದೆಯ ಉದ್ಯಮವನ್ನು ಸೇರಿದನು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಹೂದ್ರಿಯು ಸೈನ್ಯದಲ್ಲಿ ಅಧಿಕಾರಿಯಾಗಿ, ಆಗ ಹೊಸದಾಗಿ ಹುಟ್ಟಿದ್ದ ಟ್ಯಾಂಕು ದಳದಲ್ಲಿ ಸೇವೆ ಸಲ್ಲಿಸಿದನು. 1917ರ ಏಪ್ರಿಲ್ ತಿಂಗಳಲ್ಲಿ ಜುವಾಂಕೂರ್ ಎಂಬಲ್ಲಿ ಫ್ರೆಂಚರು ತಮ್ಮ ಟ್ಯಾಂಕುಗಳನ್ನು ಮೊದಲ ಬಾರಿಗೆ ರಣರಂಗಕ್ಕೆ ಇಳಿಸಿದರು. ಸುತ್ತಲೂ ಗುಂಡಿನ ಮಳೆ ಸುರಿಯುತ್ತಿರಲು ಕೆಟ್ಟು ನಿಂತ ಟ್ಯಾಂಕುಗಳನ್ನು ದುರಸ್ತಿ ಮಾಡಿಸುವ ಕಾರ್ಯದಲ್ಲಿ ಹೂದ್ರಿಯು ತೊಡಗಿದ್ದನು. ಅಲ್ಲಿಯೇ ತೀವ್ರವಾಗಿ ಗಾಯಗೊಂಡನು. ಆತನ ಧೈರ್ಯವನ್ನು ಮೆಚ್ಚಿ ಸರ್ಕಾರವು ಕ್ರುವಾ ದ ಗೇರ್ ಎಂಬ ಯುದ್ಧಪದಕವನ್ನಿತ್ತು ಗೌರವಿಸಿತು. ಕೆಟ್ಟು ನಿಂತ ಯಂತ್ರವನ್ನು ಅಲ್ಲಿಯೇ ಬಿಟ್ಟು ಹೋಗದೆ ಮತ್ತೆ ನಡೆಯುವಂತೆ ಮಾಡಬೇಕೆಂಬ ಈ ಸ್ವಭಾವವೇ ಮುಂದೆ ಆತನ ಬಾಳಿನ ದೊಡ್ಡ ಶೋಧಕ್ಕೂ ಕಾರಣವಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಯುದ್ಧವು ಮುಗಿದ ಮೇಲೆ ಹೂದ್ರಿಗೆ ಮೋಟಾರು ಪಂದ್ಯಗಳಲ್ಲಿ ಆಸಕ್ತಿ ಹುಟ್ಟಿತು. ಅಮೆರಿಕೆಗೆ ಹೋಗಿ ಇಂಡಿಯಾನಾಪೊಲಿಸ್ ಪಂದ್ಯವನ್ನೂ ಫೋರ್ಡ್ ಕಂಪನಿಯ ಕಾರ್ಖಾನೆಯನ್ನೂ ನೋಡಿಬಂದನು. ಎಂತಹ ಒಳ್ಳೆಯ ಯಂತ್ರವಾದರೂ ಅದಕ್ಕೆ ಹಾಕುವ ಪೆಟ್ರೋಲು ಕೀಳಾಗಿದ್ದರೆ ಫಲವಿಲ್ಲವೆಂಬುದು ಆತನಿಗೆ ಮನದಟ್ಟಾಯಿತು. ಕೀಳು ಪೆಟ್ರೋಲು ಯಂತ್ರದೊಳಗೆ ಕಾಲಕ್ಕೆ ಮುಂಚೆಯೇ ಹೊತ್ತಿಕೊಂಡು ಟಕಟಕನೆ ಬಡಿಯುತ್ತದೆ, ಬಲವು ವ್ಯರ್ಥವಾಗುತ್ತದೆ. ಇದಲ್ಲದೆ ಇನ್ನೊಂದು ಚಿಂತೆಯೂ ಇದ್ದಿತು. ಫ್ರಾನ್ಸಿನಲ್ಲಿ ಹೇಳಿಕೊಳ್ಳುವಷ್ಟು ತೈಲದ ಬಾವಿಗಳಿರಲಿಲ್ಲ. ಹೊರಗಿನಿಂದ ಎಣ್ಣೆ ಬಾರದಿದ್ದರೆ ದೇಶದ ಗತಿ ಏನೆಂಬುದನ್ನು ಯುದ್ಧಕಾಲವು ಎಲ್ಲರಿಗೂ ಕಲಿಸಿದ್ದಿತು.

ಹೀಗಿರಲು 1922ರಲ್ಲಿ ಹೂದ್ರಿಗೆ ಒಂದು ಸುದ್ದಿ ತಿಳಿಯಿತು. ನೀಸ್ ನಗರದ ಪ್ರೂದೋಮ್ ಎಂಬ ಔಷಧ ತಯಾರಕನು ಲಿಗ್ನೈಟಿನಿಂದ ಪೆಟ್ರೋಲನ್ನು ತೆಗೆಯುವ ದಾರಿಯನ್ನು ಕಂಡುಕೊಂಡಿರುವನೆಂಬುದೇ ಆ ಸುದ್ದಿ. ಲಿಗ್ನೈಟೆಂದರೆ ನಮ್ಮ ತಮಿಳುನಾಡಿನ ನೆಯ್ವೇಲಿಯಲ್ಲಿ ದೊರೆಯುವಂತಹ ಕಂದು ಬಣ್ಣದ ಕಲ್ಲಿದ್ದಲು. ಫ್ರಾನ್ಸಿನಲ್ಲಿ ಅದಕ್ಕೆ ಬರವಿರಲಿಲ್ಲ. ಹೂದ್ರಿಯು ಪ್ರೂದೋಮನನ್ನು ಜೊತೆಗೆ ಕರೆದುಕೊಂಡು ಪ್ಯಾರಿಸಿನ ಬಳಿಯ ಬೋಶಾಂ ಎಂಬಲ್ಲಿ ಪ್ರಯೋಗಶಾಲೆಯನ್ನು ತೆರೆದನು. ಯಂತ್ರಶಿಲ್ಪಿಯಾಗಿದ್ದವನು ರಸಾಯನಶಾಸ್ತ್ರವನ್ನು ಕೆಲಸ ಮಾಡುತ್ತಲೇ ಕಲಿಯಬೇಕಾಯಿತು. ಹಲವು ವರುಷಗಳ ಶ್ರಮದ ಬಳಿಕ 1929ರಲ್ಲಿ, ದಿನಕ್ಕೆ 60 ಟನ್ ಲಿಗ್ನೈಟನ್ನು ಬಳಸುವ ಒಂದು ಕಾರ್ಖಾನೆಯು ಸರ್ಕಾರದ ಬೆಂಬಲದಿಂದ ಆರಂಭವಾಯಿತು. ಪೆಟ್ರೋಲೇನೋ ಬಂದಿತು, ಆದರೆ ಅದಕ್ಕೆ ತಗಲಿದ ವೆಚ್ಚವು ಹೊರಗಿನಿಂದ ತರಿಸುವ ಪೆಟ್ರೋಲಿನ ಬೆಲೆಗಿಂತ ಹೆಚ್ಚಾಗಿದ್ದಿತು. ಸರ್ಕಾರವು ಕೈಬಿಟ್ಟಿತು. ಕಾರ್ಖಾನೆಯು ಅದೇ ವರುಷ ಮುಚ್ಚಿಹೋಯಿತು.

ಇಷ್ಟು ಹೊತ್ತಿಗೆ ಹೂದ್ರಿಯ ಮನಸ್ಸು ಬೇರೊಂದು ಕಡೆಗೂ ತಿರುಗಿದ್ದಿತು. ಕಚ್ಚಾತೈಲವನ್ನು ಕಾಯಿಸಿ ಭಟ್ಟಿಯಿಳಿಸಿದಾಗ ಸ್ವಲ್ಪ ಪೆಟ್ರೋಲು ಬರುತ್ತದೆ. ಉಳಿದುದರಲ್ಲಿ ಬಹುಭಾಗವು ದಪ್ಪನಾದ ಎಣ್ಣೆ. ಆ ದಪ್ಪ ಎಣ್ಣೆಯ ಅಣುಗಳು ಉದ್ದವಾದ ಸರಪಳಿಗಳಂತಿರುತ್ತವೆ. ಅವುಗಳನ್ನು ತುಂಡರಿಸಿದರೆ ಇನ್ನಷ್ಟು ಪೆಟ್ರೋಲು ದೊರೆಯುತ್ತದೆ. 1913ರಿಂದಲೇ ಅಮೆರಿಕೆಯಲ್ಲಿ ಬರಿಯ ಶಾಖ ಮತ್ತು ಒತ್ತಡಗಳಿಂದ ಈ ಕೆಲಸವನ್ನು ಮಾಡುತ್ತಿದ್ದರು. ಅದರಿಂದ ಬರುವ ಪೆಟ್ರೋಲು ಅಷ್ಟೇನೂ ಉತ್ತಮವಾದುದಾಗಿರಲಿಲ್ಲ. ವೇಗವರ್ಧಕವೊಂದರ ನೆರವಿನಿಂದ ಇದೇ ಕೆಲಸವನ್ನು ಮೃದುವಾಗಿಯೂ ಮೇಲಾಗಿಯೂ ಮಾಡಬಹುದೆಂದು ಹೂದ್ರಿಯು ನಂಬಿದನು. ವೇಗವರ್ಧಕವೆಂದರೆ ತಾನು ವ್ಯಯವಾಗದೆ ಇತರ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪದಾರ್ಥ. ಆತನು ಒಂದರ ಮೇಲೊಂದರಂತೆ ಅನೇಕ ಪದಾರ್ಥಗಳನ್ನು ಪರೀಕ್ಷಿಸಿದನು. ಕೊನೆಗೆ ಆತನ ನಿರೀಕ್ಷೆಯನ್ನು ಸಫಲಗೊಳಿಸಿದುದು ಬೆಲೆಬಾಳುವ ಯಾವ ಲೋಹವೂ ಅಲ್ಲ. ಎಣ್ಣೆಯ ಬಣ್ಣ ತೆಗೆಯಲು ಅಂದಿನ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಜೇಡಿಮಣ್ಣು. ಅದರಲ್ಲಿಯೂ ಆಮ್ಲದಿಂದ ತೊಳೆದ ಜೇಡಿಮಣ್ಣು ಮಿಗಿಲಾಗಿ ಕೆಲಸ ಮಾಡುತ್ತಿದ್ದಿತು.

ಈ ಮಣ್ಣಿನ ಒಳಗುಟ್ಟನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಹೂದ್ರಿಯು ಬಳಸಿದಂತಹ ಮಣ್ಣುಗಳಲ್ಲಿ ಮುಖ್ಯವಾದ ಖನಿಜಕ್ಕೆ ಮಾಂಟ್‌ಮೊರಿಲೊನೈಟ್ ಎಂದು ಹೆಸರು. ಫ್ರಾನ್ಸಿನ ಮೋಂಮೊರಿಯೋಂ ಎಂಬ ಊರಿನಿಂದಲೇ ಅದಕ್ಕೆ 1847ರಲ್ಲಿ ಈ ಹೆಸರು ಬಂದಿತು. ಇದರ ಕಣವು ಬಹು ತೆಳುವಾದ ಹಾಳೆಗಳ ಒಂದು ಕಟ್ಟು. ಒಂದೊಂದು ಹಾಳೆಯೂ ನಮ್ಮ ಹೋಳಿಗೆಯಂತೆ ಮೂರು ಪದರಗಳುಳ್ಳದ್ದು. ಮೇಲೆ ಮತ್ತು ಕೆಳಗೆ ಕಣಕದಂತೆ ಸಿಲಿಕಾನ್ ಮತ್ತು ಆಮ್ಲಜನಕಗಳ ಪದರ. ನಡುವೆ ಹೂರಣದಂತೆ ಅಲ್ಯುಮಿನಿಯಮ್ ಮತ್ತು ಆಮ್ಲಜನಕಗಳ ಪದರ. ಈ ನಡುವಿನ ಪದರದಲ್ಲಿ ಕೆಲವೆಡೆ ಅಲ್ಯುಮಿನಿಯಮ್ಮಿನ ಬದಲು ಮೆಗ್ನೀಸಿಯಮ್ ಸೇರಿಕೊಂಡಿರುತ್ತದೆ. ಅಲ್ಯುಮಿನಿಯಮ್ಮಿನ ಧನ ವಿದ್ಯುದಂಶವು ಮೂರು, ಮೆಗ್ನೀಸಿಯಮ್ಮಿನದು ಎರಡು. ಆದುದರಿಂದ ಹಾಳೆಗೆ ಅಷ್ಟು ಋಣ ವಿದ್ಯುದಂಶ ಉಳಿಯುತ್ತದೆ. ಆ ಕೊರತೆಯನ್ನು ತುಂಬಲು ಸೋಡಿಯಮ್, ಕ್ಯಾಲ್ಸಿಯಮ್ ಮೊದಲಾದ ಧನ ಅಯಾನುಗಳು ಹಾಳೆ ಹಾಳೆಗಳ ನಡುವೆ ಬಂದು ಬಿಡಾರ ಹೂಡುತ್ತವೆ. ಇವು ಮನೆಯ ಒಡೆಯರಲ್ಲ, ಬಾಡಿಗೆಯವರು. ಬೇರೆ ಅಯಾನುಗಳು ಹೇರಳವಾಗಿ ಬಂದರೆ ಜಾಗ ಬಿಟ್ಟು ಹೊರಡುತ್ತವೆ.

ಇಂತಹ ಮಣ್ಣಿಗೆ ಗಂಧಕಾಮ್ಲವನ್ನು ಹಾಕಿ ಕಾಯಿಸಿದರೆ ಆಮ್ಲದ ಜಲಜನಕ ಅಯಾನುಗಳು ಒಳನುಗ್ಗಿ ಸೋಡಿಯಮ್ ಕ್ಯಾಲ್ಸಿಯಮ್‌ಗಳ ಸ್ಥಾನಗಳನ್ನು ಹಿಡಿಯುತ್ತವೆ. ಬಳಿಕ ಮಣ್ಣನ್ನು ಚೆನ್ನಾಗಿ ತೊಳೆದರೂ ಅವು ಹೋಗುವುದಿಲ್ಲ. ಈಗ ಮಣ್ಣೇ ಒಂದು ಆಮ್ಲವಾಯಿತು! ಆದರೆ ಇದು ಸೀಸೆಯಲ್ಲಿ ತುಂಬಿಡುವ ಆಮ್ಲದಂತಲ್ಲ. ತೊಳೆದ ಮಣ್ಣನ್ನು ಶುದ್ಧ ನೀರಿನಲ್ಲಿ ಕಲಕಿ ಸೋಸಿದರೆ ಕೆಳಗಿಳಿದ ನೀರಿನಲ್ಲಿ ಹುಳಿಯು ಕಾಣುವುದು ಅತ್ಯಲ್ಪ. ಅದೆಲ್ಲವೂ ಹಾಳೆಗಳಿಗೆ ಅಂಟಿಕೊಂಡೇ ಇರುತ್ತದೆ. ಅದೇ ಮಣ್ಣಿಗೆ ಪೊಟಾಸಿಯಮ್ ಕ್ಲೋರೈಡ್ ಲವಣದ ನೀರನ್ನು ಹಾಕಿ ಸೋಸಿರಿ. ಈಗ ಇಳಿದ ನೀರು ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುತ್ತದೆ. ಪೊಟಾಸಿಯಮ್ ಒಳಹೊಕ್ಕು ಅಡಗಿದ್ದ ಹುಳಿಯನ್ನು ಹೊರಗಟ್ಟಿತೆಂದು ಅರ್ಥ.

ಇನ್ನು ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದರೆ ಏನಾಗುತ್ತದೆ? ಕ್ಯಾಲ್ಸಿಯಮ್ ಮರಳಿ ತನ್ನ ಬಿಡಾರವನ್ನು ಸೇರುತ್ತದೆ. ಹೊರಬಿದ್ದ ಜಲಜನಕವು ಸುಣ್ಣದ ಕ್ಷಾರಭಾಗದೊಡನೆ ಕೂಡಿ ನೀರಾಗುತ್ತದೆ. ಇದೇ ತಟಸ್ಥೀಕರಣ. ಆದರೆ ಮಣ್ಣು ಸುಲಭವಾಗಿ ಸೋಲುವುದಿಲ್ಲ. ಹುಳಿಯಾದ ಮಣ್ಣು ಕಾಲಕ್ರಮದಲ್ಲಿ ತನ್ನ ಒಡಲಿನ ಅಲ್ಯುಮಿನಿಯಮ್ಮನ್ನೇ ಕರಗಿಸಿ ಹಾಳೆಗಳ ನಡುವೆ ತಂದಿಟ್ಟುಕೊಳ್ಳುತ್ತದೆ. ಆ ಅಲ್ಯುಮಿನಿಯಮ್ ನೀರನ್ನು ಹಿಡಿದು ಅದರಿಂದ ಜಲಜನಕ ಅಯಾನುಗಳನ್ನು ಮತ್ತೆ ಮತ್ತೆ ಬಿಡಿಸುತ್ತದೆ. ಆದುದರಿಂದ ಮೇಲುನೋಟಕ್ಕೆ ಕಂಡ ಹುಳಿಗಿಂತ ಹೆಚ್ಚು ಸುಣ್ಣವು ಬೇಕಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಹೇರಳವಾದ ಮಳೆಯು ನೆಲದ ಸುಣ್ಣದ ಅಂಶವನ್ನು ಕೊಚ್ಚಿಕೊಂಡು ಹೋಗಿ ಮಣ್ಣನ್ನು ಹುಳಿಯಾಗಿಸುವುದರಿಂದ ಅಲ್ಲಿಯ ಕಾಫಿಯ ತೋಟಗಳಿಗೆ ಸುಣ್ಣ ಹಾಕುವ ಪದ್ಧತಿಯಿದೆ. ತೋಟಗಾರನಿಗೆ ಬೇಡವಾದ ಇದೇ ಹುಳಿಯು ಹೂದ್ರಿಗೆ ಬೇಕಾಗಿದ್ದಿತು.

ಆದರೆ ಆತನ ಮುಂದೆ ಒಂದು ದೊಡ್ಡ ತೊಡಕು ನಿಂತಿತು. ಸುಮಾರು 450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಎಣ್ಣೆಯ ಆವಿಯನ್ನು ಮಣ್ಣಿನ ಮೇಲೆ ಹಾಯಿಸಿದರೆ ಉತ್ತಮವಾದ ಪೆಟ್ರೋಲು ಬರುತ್ತಿದ್ದುದು ನಿಜ. ಆದರೆ ಕೆಲವೇ ನಿಮಿಷಗಳಲ್ಲಿ ಮಣ್ಣು ಮಸಿ ಹಿಡಿದು ಕಪ್ಪಾಗಿ ನಿಷ್ಕ್ರಿಯವಾಗುತ್ತಿದ್ದಿತು. ಒಡೆದ ಅಣುಗಳಿಂದ ಬಿದ್ದ ಇಂಗಾಲವು ಅದನ್ನು ಮುಚ್ಚಿಬಿಡುತ್ತಿದ್ದಿತು. ಇಂತಹ ಮಣ್ಣನ್ನು ಚೆಲ್ಲಿ ಹೊಸದನ್ನು ತುಂಬುತ್ತ ಹೋದರೆ ಯಾವ ಕಾರ್ಖಾನೆಯೂ ಲಾಭದಲ್ಲಿ ನಡೆಯಲಾರದು. ಇತರರು ಇಲ್ಲಿಗೇ ನಿಲ್ಲುತ್ತಿದ್ದರು. ರಣರಂಗದಲ್ಲಿ ಕೆಟ್ಟು ನಿಂತ ಟ್ಯಾಂಕನ್ನು ಬಿಟ್ಟು ಬಾರದಿದ್ದ ಹೂದ್ರಿಯು ಇಲ್ಲಿಯೂ ಬಿಡಲಿಲ್ಲ. ಮಸಿಯು ಇಂಗಾಲವೆಂದ ಮೇಲೆ ಅದನ್ನು ಸುಡಬಹುದಲ್ಲವೇ? ಆತನು ಎಣ್ಣೆಯನ್ನು ನಿಲ್ಲಿಸಿ ಬಿಸಿಗಾಳಿಯನ್ನು ಹಾಯಿಸಿದನು. ಮಸಿಯು ಉರಿದುಹೋಯಿತು, ಮಣ್ಣು ಮೊದಲಿನಂತೆ ಬೆಳ್ಳಗಾಗಿ ಮತ್ತೆ ಕೆಲಸಕ್ಕೆ ಸಿದ್ಧವಾಯಿತು. ಉರಿಯು ಮಿತಿ ಮೀರಿದರೆ ಮಣ್ಣಿನ ಒಳರಚನೆಯೇ ಕುಸಿಯುತ್ತದೆ. ಕಡಿಮೆಯಾದರೆ ಮಸಿ ಉಳಿಯುತ್ತದೆ. ಈ ಎರಡರ ನಡುವಣ ಹದವನ್ನು ಸಾಧಿಸಿದುದೇ ಹೂದ್ರಿಯ ಹಿರಿಮೆ. ಮುಂದೆ ಕಾರ್ಖಾನೆಯಲ್ಲಿ ಹಲವು ಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿ, ಒಂದರಲ್ಲಿ ಎಣ್ಣೆಯು ಒಡೆಯುತ್ತಿರುವಾಗ ಇನ್ನೊಂದರಲ್ಲಿ ಮಸಿಯು ಉರಿಯುತ್ತಿರುವಂತೆ ಏರ್ಪಡಿಸಿದನು. ಹತ್ತು ನಿಮಿಷಗಳಿಗೊಮ್ಮೆ ಸರದಿ ಬದಲಾಗುವಂತೆ ಕವಾಟಗಳನ್ನು ಯಂತ್ರಗಳೇ ತೆರೆದು ಮುಚ್ಚುತ್ತಿದ್ದವು. ಮಸಿಯು ಉರಿಯುವಾಗ ಹುಟ್ಟಿದ ಶಾಖವೂ ವ್ಯರ್ಥವಾಗದಂತೆ ಅದನ್ನು ಇತರ ಕೆಲಸಗಳಿಗೆ ಉಪಯೋಗಿಸುವ ಏರ್ಪಾಡು ಆಯಿತು.

ಸ್ವದೇಶದಲ್ಲಿ ಈ ಶೋಧಕ್ಕೆ ಹಣ ಹಾಕುವವರು ದೊರೆಯಲಿಲ್ಲ. 1930ರಲ್ಲಿ ಅಮೆರಿಕೆಯ ವ್ಯಾಕ್ಯೂಮ್ ಆಯಿಲ್ ಕಂಪನಿಯವರು ಹೂದ್ರಿಯನ್ನು ಆಹ್ವಾನಿಸಿದರು. ಆತನು ನ್ಯೂಜರ್ಸಿ ಸಂಸ್ಥಾನದ ಪಾಲ್ಸ್‌ಬರೋ ಎಂಬಲ್ಲಿ ಪ್ರಯೋಗಗಳನ್ನು ನಡೆಸಿದನು. 1931ರಲ್ಲಿ ಹೂದ್ರಿ ಪ್ರೋಸೆಸ್ ಕಾರ್ಪೊರೇಷನ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಅದೇ ವೇಳೆಗೆ ಅಮೆರಿಕೆಯನ್ನೆಲ್ಲ ಆರ್ಥಿಕ ಮುಗ್ಗಟ್ಟು ಕವಿದಿದ್ದಿತು. ಕಂಪನಿಯವರಿಗೆ ಪೂರ್ಣ ವೆಚ್ಚವನ್ನು ಹೊರಲು ಸಾಧ್ಯವಾಗಲಿಲ್ಲ. ಮತ್ತೊಮ್ಮೆ ಹೂದ್ರಿಯು ಸಹಾಯಕರನ್ನು ಹುಡುಕಬೇಕಾಯಿತು. 1933ರಲ್ಲಿ ಸನ್ ಆಯಿಲ್ ಕಂಪನಿಯು ಕೈಜೋಡಿಸಿತು. 1936ರಲ್ಲಿ ಪಾಲ್ಸ್‌ಬರೋದಲ್ಲಿ ದಿನಕ್ಕೆ 2,000 ಪೀಪಾಯಿ ಎಣ್ಣೆಯನ್ನು ಒಡೆಯುವ ಸಣ್ಣ ಘಟಕವೂ, 1937ರಲ್ಲಿ ಪೆನ್ಸಿಲ್ವೇನಿಯದ ಮಾರ್ಕಸ್ ಹುಕ್ ಎಂಬಲ್ಲಿ ದಿನಕ್ಕೆ 12,000 ಪೀಪಾಯಿಗಳ, ಎಂದರೆ ಸುಮಾರು 19 ಲಕ್ಷ ಲೀಟರುಗಳ, ದೊಡ್ಡ ಘಟಕವೂ ಕೆಲಸ ಆರಂಭಿಸಿದವು. ಬರಿಯ ಶಾಖದ ಹಳೆಯ ಪದ್ಧತಿಯಲ್ಲಿ ಉತ್ತಮ ಪೆಟ್ರೋಲು ನೂರಕ್ಕೆ 25 ಪಾಲು ಬರುತ್ತಿದ್ದರೆ ಹೂದ್ರಿಯ ಪದ್ಧತಿಯಲ್ಲಿ ನೂರಕ್ಕೆ 50 ಪಾಲಿನ ಸಮೀಪಕ್ಕೆ ಬಂದಿತು. ಮೊದಲ ಯತ್ನದಿಂದ ಇಲ್ಲಿಯವರೆಗೆ ಹದಿನೈದು ವರುಷಗಳು ಸಂದಿದ್ದವು.

ಎರಡನೆಯ ಮಹಾಯುದ್ಧವು ಆತನ ಶೋಧವನ್ನೂ ಆತನ ದೇಶಾಭಿಮಾನವನ್ನೂ ಒಟ್ಟಿಗೆ ಪರೀಕ್ಷಿಸಿತು. 1940ರ ಜೂನ್ ತಿಂಗಳಲ್ಲಿ ಫ್ರಾನ್ಸು ಜರ್ಮನಿಗೆ ಸೋತಿತು. ವಿಶಿ ನಗರದಲ್ಲಿ ಮಾರ್ಷಲ್ ಪೇತಾಂ ಜರ್ಮನರಿಗೆ ಅನುಕೂಲನಾಗಿ ಸರ್ಕಾರವನ್ನು ನಡೆಸತೊಡಗಿದನು. ಲಂಡನ್ನಿನಲ್ಲಿದ್ದ ಜನರಲ್ ದ ಗಾಲ್ ಹೋರಾಟವನ್ನು ಮುಂದುವರಿಸಿದನು. ಸಾವಿರಾರು ಮೈಲಿ ದೂರದಲ್ಲಿ ಸುಖವಾಗಿದ್ದ ಹೂದ್ರಿಯು ಸುಮ್ಮನಿರಬಹುದಾಗಿತ್ತು. ಆದರೆ ಆತನು ದ ಗಾಲನ ಪಕ್ಷವನ್ನು ಹಿಡಿದನು. ಅಮೆರಿಕೆಯಲ್ಲಿ ಸ್ಥಾಪನೆಯಾದ ಫ್ರಾನ್ಸ್ ಫಾರೆವರ್ ಎಂಬ ಸಂಘಕ್ಕೆ ಅಧ್ಯಕ್ಷನಾದನು. ಇದರಿಂದ ಕೆರಳಿದ ವಿಶಿ ಸರ್ಕಾರವು 1941ರಲ್ಲಿ ಆತನ ಫ್ರೆಂಚ್ ಪೌರತ್ವವನ್ನೇ ಕಿತ್ತುಕೊಂಡಿತು. ಯಾವ ದೇಶಕ್ಕಾಗಿ ರಕ್ತ ಸುರಿಸಿದ್ದನೋ, ಯಾವ ದೇಶಕ್ಕೆ ಪೆಟ್ರೋಲಿನ ಬಡತನ ನೀಗಲೆಂದು ಲಿಗ್ನೈಟನ್ನು ಅರೆದಿದ್ದನೋ, ಆ ದೇಶದ ಹೆಸರಿನಲ್ಲಿಯೇ ಆತನನ್ನು ಹೊರಗೆ ಹಾಕಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಬೇರೆ ನಾಡಿನಲ್ಲಿ ನೆಲಸಿರುವ ನಮ್ಮಂತಹವರಿಗೆ ಇದರ ನೋವು ಎಷ್ಟೆಂದು ಊಹಿಸುವುದು ಕಷ್ಟವಲ್ಲ. ನಾವು ಬೇಕೆಂದಾಗ ಊರಿಗೆ ಹೋಗಿ ಬರುತ್ತೇವೆ. ಆತನಿಗೆ ಬಾಗಿಲೇ ಮುಚ್ಚಿದ್ದಿತು. ಹೂದ್ರಿಯು 1942ರಲ್ಲಿ ಅಮೆರಿಕೆಯ ಪೌರನಾದನು.

ಆ ಯುದ್ಧದಲ್ಲಿ ವಿಮಾನಗಳಿಗೆ 100 ಆಕ್ಟೇನ್ ಎಂಬ ಅತ್ಯುತ್ತಮ ಪೆಟ್ರೋಲು ಬೇಕಾಗಿದ್ದಿತು. ಯುದ್ಧದ ಮೊದಲ ಎರಡು ವರುಷಗಳಲ್ಲಿ ವೇಗವರ್ಧಕದಿಂದ ಒಡೆದು ತೆಗೆದ ಪೆಟ್ರೋಲಿನಲ್ಲಿ ನೂರಕ್ಕೆ 90 ಪಾಲು ಹೂದ್ರಿಯ ಘಟಕಗಳಿಂದಲೇ ಬಂದಿತು. 1942ರಲ್ಲಿ ನ್ಯೂಜರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ಇದಕ್ಕಿಂತ ಸುಧಾರಿತವಾದ ಇನ್ನೊಂದು ಪದ್ಧತಿಯನ್ನು ಬಳಕೆಗೆ ತಂದಿತು. ಅದರಲ್ಲಿ ಮಣ್ಣು ಪಾತ್ರೆಯಲ್ಲಿ ನಿಂತಿರದೆ ನುಣ್ಣನೆಯ ಪುಡಿಯಾಗಿ ಎಣ್ಣೆಯ ಆವಿಯೊಡನೆ ಹರಿದಾಡುತ್ತ, ಒಂದು ಪಾತ್ರೆಯಲ್ಲಿ ದುಡಿದು ಇನ್ನೊಂದರಲ್ಲಿ ಮಸಿ ಸುಟ್ಟುಕೊಂಡು ಹಿಂದಿರುಗುತ್ತಿದ್ದಿತು. ಅಲ್ಲಿಯೂ ಮೊದಮೊದಲು ಬಳಸಿದುದು ಆಮ್ಲದಿಂದ ಹದಗೊಳಿಸಿದ ಜೇಡಿಮಣ್ಣೇ. ಯುದ್ಧಕಾಲದಲ್ಲಿಯೇ ಹೂದ್ರಿಯು ಬ್ಯೂಟೇನ್ ಅನಿಲದಿಂದ ಬ್ಯೂಟಡೈಯೀನ್ ಎಂಬ ವಸ್ತುವನ್ನು ಒಂದೇ ಹಂತದಲ್ಲಿ ತೆಗೆಯುವ ಕ್ರಮವನ್ನೂ ರೂಪಿಸಿದನು. ಕೃತಕ ರಬ್ಬರಿಗೆ ಅದು ಅವಶ್ಯವಾದ ಸಾಮಗ್ರಿ.

ಇಷ್ಟೆಲ್ಲ ಆದರೂ ಮಣ್ಣು ಎಣ್ಣೆಯನ್ನು ಒಡೆಯುವುದೇಕೆ ಎಂಬ ಪ್ರಶ್ನೆಗೆ ಆಗ ಸರಿಯಾದ ಉತ್ತರವಿರಲಿಲ್ಲ. ಹೂದ್ರಿಯು ಪ್ರಯೋಗವನ್ನು ನಂಬಿ ನಡೆದಿದ್ದನು. ಕಾರಣವು ತಿಳಿದುದು 1940ರ ದಶಕದ ಕೊನೆಯ ಭಾಗದಲ್ಲಿ. ಮಣ್ಣಿನ ಆಮ್ಲಗುಣವೇ ಅದಕ್ಕೆ ಕಾರಣವೆಂದು ಹಲವು ವಿಜ್ಞಾನಿಗಳು ಪ್ರತಿಪಾದಿಸಿದರು. ಮಣ್ಣು ತನ್ನ ಜಲಜನಕ ಅಯಾನನ್ನು ಎಣ್ಣೆಯ ಅಣುವಿಗೆ ಕೊಡುತ್ತದೆ. ಅದನ್ನು ಪಡೆದ ಅಣುವು ಅಸ್ಥಿರವಾಗಿ ನಡುವೆ ಒಡೆಯುತ್ತದೆ. ಕೊನೆಗೆ ಆ ಅಯಾನು ಮಣ್ಣಿಗೆ ಮರಳುತ್ತದೆ. ಕೊಟ್ಟ ಸಾಲವು ಹಿಂದಿರುಗುವುದರಿಂದ ಮಣ್ಣು ಬಡವಾಗುವುದಿಲ್ಲ. ಇದಕ್ಕೆ ಬಲವಾದ ಪ್ರಮಾಣವನ್ನು ಒದಗಿಸಿದವರು ಹೂದ್ರಿಯ ಸಂಸ್ಥೆಯ ವಿಜ್ಞಾನಿಗಳಾದ ಮಿಲ್ಸ್, ಬೋಡೆಕರ್ ಮತ್ತು ಒಬ್ಲಾಡ್ ಎಂಬುವರು. 1950ರಲ್ಲಿ ಪ್ರಕಟವಾದ ಅವರ ಪ್ರಯೋಗವು ತಟಸ್ಥೀಕರಣವನ್ನೇ ಆಧರಿಸಿದ್ದಿತು. ಕ್ವಿನೊಲೀನ್ ಎಂಬುದು ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ಒಂದು ಪ್ರತ್ಯಾಮ್ಲ. ಅದರ ಆವಿಯನ್ನು ಅವರು ಬಿಸಿಯಾದ ವೇಗವರ್ಧಕದ ಮೇಲೆ ಹಾಯಿಸಿ ಎಷ್ಟು ಅಂಟಿಕೊಂಡಿತೆಂದು ಅಳೆದರು. ಪ್ರತ್ಯಾಮ್ಲವು ಅಂಟಿದಷ್ಟೂ ಎಣ್ಣೆ ಒಡೆಯುವ ಶಕ್ತಿ ಕುಗ್ಗಿತು. ಹುಳಿ ಸತ್ತರೆ ಕೆಲಸವೂ ಸಾಯುವುದೆಂದು ಸಿದ್ಧವಾಯಿತು. ಅಂಟಿದ ಕ್ವಿನೊಲೀನಿನ ಪ್ರಮಾಣವಾದರೋ ಅತ್ಯಲ್ಪ. ಎಂದರೆ ಮೇಲ್ಮೈಯ ಬಹು ಸಣ್ಣ ಭಾಗವು ಮಾತ್ರ ಈ ಮಹತ್ಕಾರ್ಯವನ್ನು ನಡೆಸುತ್ತಿದ್ದಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮಸಿಯಿಂದಾಗಲಿ ಕ್ವಿನೊಲೀನಿನಂತಹ ಸುಡಬಲ್ಲ ಪ್ರತ್ಯಾಮ್ಲದಿಂದಾಗಲಿ ಮಣ್ಣು ನಿಶ್ಚೇಷ್ಟಿತವಾದರೆ ಬೆಂಕಿಯು ಅದನ್ನು ಮತ್ತೆ ಎಚ್ಚರಿಸುತ್ತದೆ. ಆದರೆ ಸೋಡಿಯಮ್, ಪೊಟಾಸಿಯಮ್‌ಗಳಂತಹ ಲೋಹಗಳ ಕ್ಷಾರದಿಂದ ಹುಳಿಯು ತಟಸ್ಥವಾದರೆ ಬೆಂಕಿಗೆ ಅದನ್ನು ಬಿಡಿಸುವ ಶಕ್ತಿಯಿಲ್ಲ. ಲೋಹವು ಉರಿದು ಹೋಗದೆ ಅಲ್ಲಿಯೇ ಕುಳಿತಿರುತ್ತದೆ. ಅದಕ್ಕೆ ಉಪಾಯವೊಂದೇ: ಅಂತಹ ವಿಷವು ಬಳಿ ಸುಳಿಯದಂತೆ ಮೊದಲೇ ಕಾಯಬೇಕು. ಇಂದಿಗೂ ತೈಲದ ಕಾರ್ಖಾನೆಗಳಲ್ಲಿ ಕಚ್ಚಾತೈಲದ ಉಪ್ಪನ್ನು ಮೊದಲು ತೊಳೆದು ತೆಗೆಯುವುದಕ್ಕೆ ಇದೂ ಒಂದು ಕಾರಣ.

ಇದೇ ಪಾಠವನ್ನು ಹೂದ್ರಿಯು ತನ್ನ ಕಡೆಗಾಲದಲ್ಲಿ ಇನ್ನೊಂದು ರೂಪದಲ್ಲಿ ಎದುರಿಸಬೇಕಾಯಿತು. ಪೆಟ್ರೋಲು ಸುಲಭವಾಗಿ ದೊರೆತಂತೆ ಮೋಟಾರುಗಳು ಹೆಚ್ಚಿದವು. ನಗರಗಳ ಗಾಳಿಯು ಹೊಗೆಯಿಂದ ತುಂಬಿತು. ತಾನು ಹೇರಳವಾಗಿಸಿದ ಪೆಟ್ರೋಲಿನ ಹೊಗೆಯು ಜನರ ಶ್ವಾಸಕೋಶಕ್ಕೆ ಕೇಡಾಗುವುದೆಂಬ ಚಿಂತೆಯು ಆತನನ್ನು ಹಿಡಿಯಿತು. ವೇಗವರ್ಧಕದಿಂದಲೇ ಹೊಗೆಯನ್ನು ಶುದ್ಧಗೊಳಿಸಬೇಕೆಂದು ಆಕ್ಸಿ-ಕ್ಯಾಟಲಿಸ್ಟ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದನು. ಮೋಟಾರಿನ ಹೊಗೆಕೊಳವೆಗೆ ಜೋಡಿಸುವ ಉಪಕರಣಕ್ಕೆ 1956ರಲ್ಲಿ ಆತನಿಗೆ ಹಕ್ಕುಪತ್ರವು ದೊರೆಯಿತು. ವಿಷಾನಿಲಗಳನ್ನು ಅದು ನಿರಪಾಯವಾದ ಅನಿಲಗಳಾಗಿ ಪರಿವರ್ತಿಸುತ್ತಿದ್ದಿತು. ಆದರೆ ಅಂದಿನ ಪೆಟ್ರೋಲಿಗೆ ಬಡಿತ ತಗ್ಗಿಸಲು ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಆ ಸೀಸವು ವೇಗವರ್ಧಕದ ಮೇಲೆ ಕುಳಿತು ಅದನ್ನು ಕೊಲ್ಲುತ್ತಿದ್ದಿತು. ಇದೂ ಬೆಂಕಿಗೆ ಬಗ್ಗದ ವಿಷವೇ! ಉಪಕರಣವು ಸಿದ್ಧವಾಗಿದ್ದರೂ ಪೆಟ್ರೋಲು ಶುದ್ಧವಾಗಿರಲಿಲ್ಲ. ಅದು ಶುದ್ಧವಾಗುವುದನ್ನು ಕಾಣುವ ಭಾಗ್ಯವು ಹೂದ್ರಿಗೆ ಇರಲಿಲ್ಲ. 1959ರಲ್ಲಿ ಪರ್ಕಿನ್ ಪದಕವನ್ನು ಪಡೆದ ಆತನು 1962ರ ಜುಲೈ 18ರಂದು, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಪೆನ್ಸಿಲ್ವೇನಿಯದಲ್ಲಿ ನಿಧನನಾದನು.

ಆತನು ಬಿತ್ತಿದ ಬೀಜವು ಮಾತ್ರ ಬೆಳೆಯಿತು. ಅಮೆರಿಕೆಯಲ್ಲಿ 1975ರ ಮಾದರಿಯ ಕಾರುಗಳಿಂದ ಇಂತಹ ಉಪಕರಣಗಳು ಸಾಮಾನ್ಯವಾದವು. ಅವುಗಳಿಗಾಗಿ ಸೀಸವಿಲ್ಲದ ಪೆಟ್ರೋಲು ಮಾರಾಟಕ್ಕೆ ಬಂದಿತು. ನಮ್ಮ ದೇಶದಲ್ಲಿ 1995ರ ಏಪ್ರಿಲ್ ತಿಂಗಳಿನಿಂದ ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸು ಈ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಈ ಏರ್ಪಾಡು ಕಡ್ಡಾಯವಾಯಿತು. 2000ದ ಫೆಬ್ರವರಿಯಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟವು ಇಡೀ ದೇಶದಲ್ಲಿ ನಿಂತಿತು. ಈ ಉಪಕರಣದಲ್ಲಿ ಕೆಲಸ ಮಾಡುವುದು ಪ್ಲಾಟಿನಮ್ ಮೊದಲಾದ ಲೋಹಗಳು. ಆದರೆ ಅವುಗಳನ್ನು ಹೊತ್ತಿರುವ ಜೇನುಗೂಡಿನಂತಹ ಪಿಂಗಾಣಿಯನ್ನು ಸಾಮಾನ್ಯವಾಗಿ ಜೇಡಿಮಣ್ಣು ಮೊದಲಾದ ಖನಿಜಗಳನ್ನು ಬೆರೆಸಿ ಸುಟ್ಟೇ ಮಾಡುತ್ತಾರೆ. ಇಲ್ಲಿಯೂ ಮಣ್ಣು ಹೂದ್ರಿಯ ಕೈಬಿಡಲಿಲ್ಲ.

ಮುಂಬಯಿಯ ವಿದ್ಯಾರ್ಥಿಗಳಿಗೆ ಹೂದ್ರಿಯ ಕಥೆಯು ಇನ್ನೊಂದು ರೀತಿಯಿಂದಲೂ ಹತ್ತಿರದ್ದು. ಚೆಂಬೂರಿನಿಂದ ದಕ್ಷಿಣಕ್ಕೆ, ಟ್ರಾಂಬೆಯ ಮಾಹುಲ್ ಕಡೆಗೆ, ಎಣ್ಣೆಯ ಶುದ್ಧೀಕರಣ ಕಾರ್ಖಾನೆಗಳಿವೆ. ಅವುಗಳಲ್ಲೊಂದನ್ನು 1954ರಲ್ಲಿ ಆರಂಭಿಸಿದುದು ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿ. ಆ ಹೆಸರಿನಲ್ಲಿರುವ ವ್ಯಾಕ್ಯೂಮ್ ಎಂಬುದು 1930ರಲ್ಲಿ ಹೂದ್ರಿಯನ್ನು ಅಮೆರಿಕೆಗೆ ಕರೆಸಿದ ಕಂಪನಿಯಿಂದಲೇ ಬಂದುದು. ಆ ಕಾರ್ಖಾನೆಯು ಬಳಿಕ ಎಸ್ಸೋ ಎಂಬ ಹೆಸರಿನಲ್ಲಿದ್ದು 1974ರಲ್ಲಿ ರಾಷ್ಟ್ರೀಕರಣವಾಗಿ ಹಿಂದೂಸ್ಥಾನ್ ಪೆಟ್ರೋಲಿಯಂ ಆಯಿತು. ಇಂದಿನ ತೈಲದ ಕಾರ್ಖಾನೆಗಳಲ್ಲಿ ಬರಿಯ ಜೇಡಿಮಣ್ಣಿನ ಬದಲು ಜಿಯೊಲೈಟ್ ಎಂಬ ಹರಳುಗಳುಳ್ಳ ವೇಗವರ್ಧಕಗಳನ್ನು ಬಳಸುತ್ತಾರೆ. ಅವುಗಳಲ್ಲಿಯೂ ಸಿಲಿಕಾನ್, ಅಲ್ಯುಮಿನಿಯಮ್, ಆಮ್ಲಜನಕಗಳೇ ಇವೆ. ದುಡಿಯುವುದು ಅದೇ ಆಮ್ಲಗುಣ. ಜೊತೆಗೆ ಕಯೊಲಿನ್ ಎಂಬ ಬಿಳಿಯ ಜೇಡಿಯನ್ನೂ ಬೆರೆಸುವುದುಂಟು. ಅಡುಗೆಯ ಎಣ್ಣೆಯ ಬಣ್ಣವನ್ನು ತಿಳಿಗೊಳಿಸಲು ಆಮ್ಲದಿಂದ ಹದಗೊಳಿಸಿದ ಮಣ್ಣನ್ನು ಈಗಲೂ ಬಳಸುತ್ತಾರೆ.

ಹೂದ್ರಿಯ ಜೀವನವನ್ನು ಅವಲೋಕಿಸಿದರೆ ಆತನಿಗೆ ಸೋಲು ಕಡಿಮೆಯೇನೂ ಬಂದಿರಲಿಲ್ಲ. ಲಿಗ್ನೈಟಿನ ಕಾರ್ಖಾನೆ ಮುಚ್ಚಿತು. ಹಣದ ಮುಗ್ಗಟ್ಟು ಕಾಡಿತು. ತಾಯ್ನಾಡಿನ ಪೌರತ್ವ ಹೋಯಿತು. ಕಡೆಯ ಶೋಧವು ಆತನ ಕಾಲದಲ್ಲಿ ಫಲಿಸಲಿಲ್ಲ. ಇಂಗಾಲ ಕವಿದ ಮಣ್ಣನ್ನು ಕಂಡು ಅದು ಸತ್ತಿತೆಂದು ಆತನು ಭಾವಿಸದೆ, ಅದರ ಶಕ್ತಿಯು ಒಳಗೇ ಇದೆಯೆಂದು ನಂಬಿ, ಮುಚ್ಚಿದ ಮಸಿಯನ್ನು ಕಳೆಯುವ ದಾರಿಯನ್ನು ಹುಡುಕಿದನು. ತನ್ನ ಬಾಳನ್ನೂ ಆತನು ಹಾಗೆಯೇ ನಡೆಸಿದನು.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದೊಡನೆ ನಿಮ್ಮಲ್ಲಿ ಕೆಲವರು ತಮ್ಮ ಬುದ್ಧಿಯೇ ಮುಗಿಯಿತೆಂದು ಕುಗ್ಗುವುದನ್ನು ಪ್ರತಿ ವರುಷವೂ ಕಾಣುತ್ತೇವೆ. ಆಲಸ್ಯ, ಅಂಜಿಕೆ, ನಿರಾಶೆಗಳು ಮಸಿಯಂತಹವು. ಶ್ರಮದಿಂದ ಅವನ್ನು ಸುಟ್ಟುಕಳೆಯಬಹುದು. ಆದರೆ ದುಶ್ಚಟ, ಅಸತ್ಯಗಳಂತಹ ಕೆಲವು ವಿಷಗಳು ಒಮ್ಮೆ ಹೊಕ್ಕರೆ ಬಿಡಿಸುವುದು ಬಹು ಕಷ್ಟ; ಅವು ಹತ್ತಿರ ಸುಳಿಯದಂತೆ ಎಚ್ಚರದಿಂದಿರುವುದೇ ಲೇಸು. ಕಾಲಡಿಯ ಮಣ್ಣಿನಿಂದ ಇಷ್ಟನ್ನು ಕಲಿತರೂ ಹೂದ್ರಿಯ ಚರಿತ್ರೆಯನ್ನು ಓದಿದ ಶ್ರಮವು ಸಾರ್ಥಕವಾಗುವುದು.